ಹೊಗೆಯ ರುಚಿ, ಹೊಗೆಯ ಋಣ: ಹಿತ್ತಲಲ್ಲಿ ಹಂದಿ ಪಕ್ಕೆಲುಬು

ರೊಬಸ್ಟಾ ಕೊಯ್ಲು ಮುಗಿದು, ಕಣದಲ್ಲಿ ಹರಡಿದ್ದ ಹಣ್ಣು ಒಣಗಿ ಮೂಟೆ ಸೇರಿ, ಇನ್ನು ಹೂ ಮಳೆ ಯಾವಾಗ ಬರುತ್ತೋ ಅಂತ ಎಲ್ಲರೂ ಆಕಾಶ ನೋಡುವ ಕಾಲ ಇದು. ಯುಗಾದಿ ಬಂತೆಂದರೆ ಮರುದಿನವೇ ಹೊಸತೊಡಕು. ಹಳೇ ಮೈಸೂರು ಕಡೆಯವರಿಗೆ ಹೊಸತೊಡಕು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬಯಲುಸೀಮೆಯಲ್ಲಿ ಅವತ್ತು ಕುರಿ, ಮೇಕೆ. ನಮ್ಮ ಸಕಲೇಶಪುರ, ಆಲೂರು ಕಡೆಯ ಎಷ್ಟೋ ಮನೆಗಳಲ್ಲಿ ಅದರ ಜೊತೆಗೆ ಹಂದಿಯೂ ಉಂಟು. ಹಂದಿ ಸಾರು, ಕಡುಬು, ಇಲ್ಲಾಂದ್ರೆ ಹುರಿದ ಹಂದಿ, ಅಕ್ಕಿ ರೊಟ್ಟಿ. ಇದಕ್ಕಿಂತ ಹೆಚ್ಚು ಬೇಕು ಅಂತ ಯಾರೂ ಕೇಳಿದವರಲ್ಲ.

ಆದರೆ ಈಗ ಕೇಳುತ್ತಿದ್ದಾರೆ. ವಾರವೆಲ್ಲ ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತು, ಶುಕ್ರವಾರ ರಾತ್ರಿ ಊರ ಬಸ್ಸು ಹತ್ತುವ ನನ್ನಂಥವರು ಬಹಳ ಜನ ಇದ್ದಾರೆ. ಅವರೆಲ್ಲ ಮೊಬೈಲಿನಲ್ಲಿ ಅಮೆರಿಕದವರು ದೊಡ್ಡ ಕಬ್ಬಿಣದ ಪೆಟ್ಟಿಗೆಯಲ್ಲಿ ಪಕ್ಕೆಲುಬನ್ನು ಹೊಗೆ ಹಾಕಿ ಬೇಯಿಸುವುದನ್ನು ನೋಡಿರುತ್ತಾರೆ. ‘ನಮ್ಮಲ್ಲಿ ಸೌದೆ ಇದೆ, ಜಾಗ ಇದೆ, ಹಂದಿ ಇದೆ. ನಾವು ಯಾಕೆ ಮಾಡಬಾರದು?’ ಅನ್ನೋದು ಅವರ ಪ್ರಶ್ನೆ. ಖಂಡಿತ ಮಾಡಬಹುದು. ನಾನು ಮೂರು ವರ್ಷದಿಂದ ಮಾಡುತ್ತಿದ್ದೇನೆ. ಹೇಗೆ ಅನ್ನೋದನ್ನು ಇವತ್ತು ಅಳತೆ ಸಮೇತ ಹೇಳುತ್ತೇನೆ. ಅದಕ್ಕೂ ಮೊದಲು ಹೊಗೆಯ ಬಗ್ಗೆಯೇ ನಾಲ್ಕು ಮಾತು ಆಡಬೇಕು. ಹೊಗೆ ನಮ್ಮ ಮನೆಗಳಿಗೆ ಹೊಸದೇನಲ್ಲ.

ಅಟ್ಟದ ಮೇಲಿನ ಉಪ್ಪುಕಂಡ

ಮಲೆನಾಡಿನ ಹಳೆಯ ಮನೆಗಳ ಅಡುಗೆಕೋಣೆಯಲ್ಲಿ ಸೌದೆ ಒಲೆಯ ಮೇಲೆ ಒಂದು ಅಟ್ಟ ಇರುತ್ತಿತ್ತು. ಮಳೆಗಾಲದಲ್ಲಿ ಬಿಸಿಲಿನ ಮುಖ ಕಾಣದ ಊರಿನಲ್ಲಿ ಒಣಗಬೇಕಾದ್ದೆಲ್ಲ ಆ ಅಟ್ಟಕ್ಕೇ ಹೋಗಬೇಕು. ಬಿತ್ತನೆ ಬೀಜ, ಹುಣಸೆಹಣ್ಣು, ಒಣಮೀನು, ಒದ್ದೆ ಸೌದೆ ಎಲ್ಲವೂ. ಮಾಂಸ ಮಿಕ್ಕರೆ ಅದೂ ಅಲ್ಲಿಗೇ. ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಖಾರ ಸವರಿ, ದಾರಕ್ಕೋ ತಂತಿಗೋ ಪೋಣಿಸಿ ಒಲೆಯ ಮೇಲೆ ನೇತುಹಾಕುತ್ತಿದ್ದರು. ದಿನಗಟ್ಟಲೆ ಹೊಗೆ ಮತ್ತು ಸಣ್ಣ ಶಾಖ ತಾಗಿ ಅದು ಕಪ್ಪಗೆ, ಕಡ್ಡಿಯ ಹಾಗೆ ಗಟ್ಟಿಯಾಗುತ್ತಿತ್ತು. ಅದೇ ಉಪ್ಪುಕಂಡ. ಬೇಕಾದಾಗ ಕೆಂಡದಲ್ಲಿ ಸುಟ್ಟು, ಒರಳಲ್ಲಿ ಜಜ್ಜಿ, ಗಂಜಿಗೋ ಮುದ್ದೆಗೋ ನೆಂಚಿಕೊಳ್ಳೋದು.

ಫ್ರಿಜ್ ಇಲ್ಲದ ಕಾಲದ ಫ್ರಿಜ್ ಅದು. ನೀರಿನಂಶ ಹೋದರೆ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಆ ಕೆಲಸದ ಮುಕ್ಕಾಲು ಪಾಲು ಉಪ್ಪಿನದು ಮತ್ತು ಒಣಗುವಿಕೆಯದು. ಹೊಗೆಯಲ್ಲಿರುವ ಫಿನಾಲ್, ಫಾರ್ಮಾಲ್ಡಿಹೈಡ್, ಆಮ್ಲದಂಥ ವಸ್ತುಗಳು ಮೇಲ್ಮೈಯನ್ನು ಕಾಯುತ್ತವೆ, ನೊಣ ಕೂರದ ಹಾಗೆ ಮಾಡುತ್ತವೆ. ಇದು ನಮ್ಮ ಕಡೆಯದಷ್ಟೇ ಅಲ್ಲ. ಪಕ್ಕದ ಕೊಡಗಿನಲ್ಲೂ ಒಲೆಯ ಮೇಲೆ ಮಾಂಸ ಒಣಗಿಸುವ ರೂಢಿ ಇತ್ತು. ನಾಗಾಲ್ಯಾಂಡ್, ಮಿಜೋರಾಂ ಕಡೆ ಹೊಗೆ ಹಾಕಿದ ಹಂದಿ ಇವತ್ತಿಗೂ ದಿನದ ಊಟ.

ಇನ್ನೊಂದು ಸೋಜಿಗ. ‘ಬಾರ್ಬೆಕ್ಯೂ’ ಅನ್ನುವ ಮಾತು ಕೆರಿಬಿಯನ್ ದ್ವೀಪಗಳ ಟೈನೋ ಜನರ ಭಾಷೆಯಿಂದ ಸ್ಪ್ಯಾನಿಷ್‌ಗೆ ‘ಬಾರ್ಬಕೋವಾ’ ಆಗಿ ಬಂದು, ಅಲ್ಲಿಂದ ಇಂಗ್ಲಿಷ್‌ಗೆ ಹೋದದ್ದು. ಅದರ ಮೂಲ ಅರ್ಥ ಅಡುಗೆಯೂ ಅಲ್ಲ, ಮಸಾಲೆಯೂ ಅಲ್ಲ. ಕೋಲುಗಳನ್ನು ಕಟ್ಟಿ ನೆಲದಿಂದ ಎತ್ತರಕ್ಕೆ ನಿಲ್ಲಿಸಿದ ಚಪ್ಪರ ಅಂತ. ನಮ್ಮ ಅಟ್ಟವೇ ಅಲ್ಲವೇ ಅದು!

ಆದರೂ ಒಂದು ವ್ಯತ್ಯಾಸವನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಅಟ್ಟದ ಹೊಗೆ ಮಾಂಸವನ್ನು ಉಳಿಸಲು. ನಾವೀಗ ಹಾಕುವ ಹೊಗೆ ಬರೀ ರುಚಿಗೆ. ಹಿತ್ತಲಲ್ಲಿ ಆರು ಗಂಟೆ ಹೊಗೆ ತಾಗಿದ ಪಕ್ಕೆಲುಬು ಉಪ್ಪುಕಂಡ ಆಗುವುದಿಲ್ಲ. ಅದು ಬೆಂದ ಮಾಂಸ, ಅಷ್ಟೇ. ಸಾರಿನಷ್ಟೇ ಬೇಗ ಕೆಡುತ್ತೆ. ‘ಹೊಗೆ ಹಾಕಿದೀವಲ್ಲ, ಏನೂ ಆಗಲ್ಲ’ ಅಂತ ರಾತ್ರಿಯಿಡೀ ಹೊರಗಿಡುವವರನ್ನು ನೋಡಿದ್ದೇನೆ. ಅದು ತಪ್ಪು. ಉಂಡ ಮೇಲೆ 2 ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು, 3 ದಿನದಲ್ಲಿ ಖಾಲಿಯಾಗಬೇಕು.

ಅಂಗಡಿಯಲ್ಲಿ ಏನು ಕೇಳಬೇಕು

ಇಲ್ಲಿ ಹೇಳುತ್ತಿರೋದು ಸಾಕಿದ ಹಂದಿಯ ವಿಷಯ. ಹಳಬರ ಶಿಕಾರಿ ಕತೆಗಳು ಎಷ್ಟೇ ಚೆನ್ನಾಗಿರಲಿ, ಕಾಡುಹಂದಿಯನ್ನು ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ನಮ್ಮ ಕಡೆಯ ಅಂಗಡಿಗಳಲ್ಲಿ ಹಂದಿಯನ್ನು ಚರ್ಮದ ಸಮೇತ, ಕೂದಲು ಸುಟ್ಟು ಕೆರೆದು ಮಾರುತ್ತಾರೆ. ‘ಎರಡು ಕೆಜಿ’ ಅಂದರೆ ಸಾಕು, ಮಚ್ಚು ಎತ್ತಿ ಮಾಂಸ, ನೆಣ, ಮೂಳೆ ಎಲ್ಲ ಸೇರಿಸಿ ಸಾರಿನ ತುಂಡು ಮಾಡಿಬಿಡುತ್ತಾರೆ. ಆದ್ದರಿಂದ ಹಿಂದಿನ ದಿನವೇ ಹೇಳಿಡಿ: ‘ಅಣ್ಣ, ಪಕ್ಕೆ ಪೀಸ್ ಮಾಡ್ಬೇಡಿ, ಹಲಗೆ ಥರ ಹಂಗೇ ಕೊಡಿ. ಚರ್ಮ ತೆಗೀರಿ, ಮೇಲೆ ಒಂದು ಬೆರಳು ಮಾಂಸ ಬಿಡಿ.’ ಒಂದು ಕಡೆಯ ಪಕ್ಕೆ ಸುಮಾರು ಒಂದರಿಂದ ಒಂದೂವರೆ ಕೆಜಿ ತೂಗುತ್ತೆ. ಮೂರು ಜನಕ್ಕೆ ಧಾರಾಳ. ಚರ್ಮ ಇದ್ದರೆ ಹೊಗೆಯೂ ಉಪ್ಪೂ ಒಳಗೆ ಇಳಿಯುವುದಿಲ್ಲ. ತೆಗೆದ ಚರ್ಮವನ್ನು ಬಿಸಾಡಬೇಡಿ, ಸಾರಿಗೆ ಬರುತ್ತೆ.

ಮನೆಗೆ ತಂದ ಮೇಲೆ ಪಕ್ಕೆಯ ಒಳಭಾಗ ನೋಡಿ. ಮೂಳೆಗಳ ಮೇಲೆ ಬೆಳ್ಳಗೆ, ಕಾಗದದಂಥ ಒಂದು ಪೊರೆ ಇರುತ್ತೆ. ಚಮಚದ ಹಿಡಿಯಿಂದ ಒಂದು ಮೂಲೆ ಎಬ್ಬಿಸಿ, ಬಟ್ಟೆಯಲ್ಲಿ ಹಿಡಿದು ಎಳೆದರೆ ಪೂರ್ತಿ ಕಿತ್ತು ಬರುತ್ತೆ. ಅದನ್ನು ಬಿಟ್ಟರೆ ತಿನ್ನುವಾಗ ರಬ್ಬರ್ ಜಗಿದ ಹಾಗೆ.

ಮಾಂಸದೊಳಗೆ ಅಕ್ಕಿಕಾಳಿನ ಹಾಗೆ ಬಿಳಿ ಗುಳ್ಳೆ ಕಂಡರೆ ಆ ಮಾಂಸ ಬೇಡ. ಅದು ಲಾಡಿಹುಳುವಿನ ಮರಿ. ಸರಿಯಾಗಿ ಬೇಯದೆ ತಿಂದರೆ ಅದು ನಮ್ಮ ಕರುಳಿನಲ್ಲಿ ಹುಳುವಾಗಿ ಬೆಳೆಯುತ್ತೆ. ಆ ಹುಳುವಿನ ಮೊಟ್ಟೆ ಮಲದ ಮೂಲಕ ಹೊರಬಂದು, ಕೊಳಕು ನೀರು ಅಥವಾ ಕೈಯಿಂದ ಯಾರದಾದರೂ ಹೊಟ್ಟೆಗೆ ಹೋದರೆ ಮರಿಗಳು ಮಿದುಳಿಗೂ ಸೇರಬಹುದು, ಫಿಟ್ಸ್ ಬರಿಸಬಹುದು. ಬಯಲಲ್ಲಿ ಬಿಟ್ಟು ಮೇಯಿಸಿದ್ದಕ್ಕಿಂತ ಕೊಟ್ಟಿಗೆಯಲ್ಲಿ ಸಾಕಿದ ಹಂದಿ ಕೊಳ್ಳಿ ಅನ್ನೋದು ಇದಕ್ಕೇ.

ಯಾವ ಸೌದೆ?

ಅಮೆರಿಕದ ಅಡುಗೆ ಪುಸ್ತಕಗಳಲ್ಲಿ ಹಿಕರಿ, ಓಕ್, ಸೇಬಿನ ಮರ ಅಂತ ಇರುತ್ತೆ. ಓಕ್ ಅಂದ ಕೂಡಲೇ ನಮ್ಮ ಹುಡುಗರಿಗೆ ತೋಟದ ತುಂಬಾ ಇರುವ ಸಿಲ್ವರ್ ಓಕ್ ನೆನಪಾಗುತ್ತೆ. ದಯವಿಟ್ಟು ಬೇಡ. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರ, ಓಕ್ ಜಾತಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದರ ಹೊಟ್ಟು, ರಸ ತಾಗಿದರೆ ಕೆಲವರಿಗೆ ಚರ್ಮದ ಮೇಲೆ ತುರಿಕೆ, ಗುಳ್ಳೆ ಏಳುತ್ತೆ. ಮೆಣಸಿನ ಬಳ್ಳಿ ಹಬ್ಬಿಸಲು ಬಹಳ ಒಳ್ಳೆಯದು, ಅಡುಗೆಗಲ್ಲ. ನೀಲಗಿರಿ, ಪೈನ್ ಥರದ ಎಣ್ಣೆ, ಅಂಟು ಇರುವ ಮರಗಳೂ ಬೇಡ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಅಂತೂ ಹತ್ತಿರ ತರಬಾರದು.

ನನ್ನ ಮೊದಲ ಆಯ್ಕೆ ಸೀಬೆ. ಹಿತ್ತಲಿನ ಸೀಬೆ ಮರದ ಒಣಗಿದ ರೆಂಬೆ ಹೊಗೆಯಾಡುವಾಗ ಮೆಲ್ಲನೆಯ, ಸಿಹಿ ವಾಸನೆ. ಎರಡನೆಯದು ಮಾವು. ಹಲಸು ಸ್ವಲ್ಪ ಗಡುಸು ವಾಸನೆಯದು, ಕಡಿಮೆ ಸಾಕು. ಇನ್ನು ಕಾಫಿ ಸೌದೆ. ಗಟ್ಟಿ, ನಿಧಾನವಾಗಿ ಉರಿಯುತ್ತೆ, ಒಳ್ಳೆ ಕೆಂಡ ಬೀಳುತ್ತೆ. ಆದರೆ ಇಲ್ಲೊಂದು ಎಚ್ಚರ ಬೇಕು. ಅರೇಬಿಕಾ ತೋಟದಲ್ಲಿ ಬಿಳಿ ಕಾಂಡಕೊರಕ ಬಿದ್ದ ಗಿಡವನ್ನು ಕಿತ್ತು ಸುಡಬೇಕು ಅಂತ ಕಾಫಿ ಬೋರ್ಡಿನವರು ಹೇಳುತ್ತಾರೆ, ಹಾಗೆ ಕಿತ್ತ ಬೊಡ್ಡೆಗಳು ತೋಟದ ಮನೆಗಳಲ್ಲಿ ರಾಶಿ ಬಿದ್ದಿರುತ್ತವೆ. ಆ ಹುಳುವಿಗೆ ಅಂತಲೇ ಕಾಂಡಕ್ಕೆ ಔಷಧಿ ಹೊಡೆದಿರುತ್ತಾರೆ. ಕೊಳೆರೋಗಕ್ಕೆ, ತುಕ್ಕಿಗೆ ಬೋರ್ಡೋ ಸಿಂಪಡಿಸಿರುತ್ತಾರೆ, ಅದರಲ್ಲಿ ಮೈಲುತುತ್ತ ಇದೆ. ನೀರು ಕಾಯಿಸಲು ಆ ಬೊಡ್ಡೆ ಆದೀತು, ಬಾಯಿಗೆ ಹೋಗುವ ಮಾಂಸಕ್ಕೆ ಬೇಡ. ಔಷಧಿ ಹೊಡೆಯದ ಗಿಡ ಅಂತ ಗ್ಯಾರಂಟಿ ಇದ್ದರೆ, ತೊಗಟೆ ಕೆತ್ತಿ ತೆಗೆದು ಬಳಸಿ. ಮರಗಸಿ ಮಾಡಿದಾಗ ಬಿದ್ದ ರೆಂಬೆಗಳಲ್ಲೂ ಯಾವ ಮರದ್ದು ಅಂತ ಗೊತ್ತಿರುವುದನ್ನು ಮಾತ್ರ ಆರಿಸಿಕೊಳ್ಳಿ.

ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು. ಕಳೆದ ಬೇಸಿಗೆಯಲ್ಲಿ ಕಡಿದು, ಮಳೆ ತಾಗದ ಕಡೆ ಇಟ್ಟಿದ್ದರೆ ಈಗ ಸರಿಯಾಗಿರುತ್ತೆ. ಎರಡು ತುಂಡನ್ನು ಒಂದಕ್ಕೊಂದು ತಟ್ಟಿದರೆ ‘ಟಣ್’ ಅನ್ನಬೇಕು. ಹಸಿ ಸೌದೆ ‘ದಬ್’ ಅನ್ನುತ್ತೆ. ಚೂರುಗಳನ್ನು ನೀರಲ್ಲಿ ನೆನೆಸಿಡಿ ಅಂತ ಕೆಲವರು ಹೇಳುತ್ತಾರೆ. ಅದರಿಂದ ಲಾಭವಿಲ್ಲ. ಆ ನೀರು ಆವಿಯಾಗಿ ಹೋಗುವ ತನಕ ಮರ ಸರಿಯಾಗಿ ಹೊಗೆಯಾಡುವುದಿಲ್ಲ, ಬೆಂಕಿ ತಣ್ಣಗಾಗುತ್ತೆ ಅಷ್ಟೇ.

ಶಾಖಕ್ಕೆ ಸೌದೆಯನ್ನೇ ನೆಚ್ಚಿಕೊಳ್ಳಬೇಡಿ, ಇದ್ದಿಲು ಉತ್ತಮ. ನಮ್ಮ ಜಿಲ್ಲೆಯ ಅರಸೀಕೆರೆ, ಚನ್ನರಾಯಪಟ್ಟಣ ಕಡೆ ತೆಂಗು ಹೇರಳ. ತೆಂಗಿನ ಚಿಪ್ಪಿನ ಇದ್ದಿಲು ಸಿಕ್ಕರೆ ಬಿಡಬೇಡಿ. ಹೊಗೆ ಕಡಿಮೆ, ಶಾಖ ಸಮ. ಅದರ ಮೇಲೆ ಮುಷ್ಟಿ ಗಾತ್ರದ ಮೂರೋ ನಾಲ್ಕೋ ಸೀಬೆ ತುಂಡು ಇಟ್ಟರೆ ಇಡೀ ದಿನದ ಹೊಗೆಗೆ ಸಾಕು. ಹೊಗೆಯೂ ಉಪ್ಪಿನ ಹಾಗೆ, ಜಾಸ್ತಿ ಆದರೆ ತಿನ್ನೋಕಾಗಲ್ಲ.

ಡ್ರಮ್ಮಿನ ಒಲೆ

ಸಾವಿರಾರು ರೂಪಾಯಿ ಕೊಟ್ಟು ಪೆಟ್ಟಿಗೆ ತರಿಸಬೇಕಾಗಿಲ್ಲ. ಮುಚ್ಚಳ ಇರುವ 200 ಲೀಟರ್ ಕಬ್ಬಿಣದ ಡ್ರಮ್ ಸಾಕು. ಆದರೆ ಅದರಲ್ಲಿ ಮೊದಲು ಏನಿತ್ತು ಅಂತ ತಿಳಿದಿರಬೇಕು. ಅಡುಗೆ ಎಣ್ಣೆ, ಹಣ್ಣಿನ ರಸ ಬಂದದ್ದಾದರೆ ಸರಿ. ಕೀಟನಾಶಕ, ಕೆಮಿಕಲ್ ಬಂದದ್ದಾದರೆ ಎಷ್ಟು ತೊಳೆದರೂ ಬೇಡ. ಒಳಗೆ ಜೋರಾಗಿ ಬೆಂಕಿ ಹಾಕಿ, ಬಣ್ಣ, ಲೇಪ ಎಲ್ಲ ಸುಟ್ಟುಹೋಗುವ ತನಕ ಉರಿಸಿ, ಉಜ್ಜಿ ತೊಳೆಯಿರಿ. ಸತುವಿನ ಲೇಪ ಇರುವ ತಗಡು, ಜಾಲರಿ ಬಳಸಬೇಡಿ. ಕಾದರೆ ಅದರ ಹೊಗೆ ವಿಷ.

ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬೇಕಾದ್ದು ಇಷ್ಟು: ಕೆಳಗೆ ಸುತ್ತ ಹೆಬ್ಬೆರಳು ತೂರುವಷ್ಟು ನಾಲ್ಕು ತೂತು, ಅವಕ್ಕೆ ಮುಚ್ಚಿ ತೆರೆಯಲು ತಗಡಿನ ಬಿಲ್ಲೆ. ಮುಚ್ಚಳದಲ್ಲಿ ಅಂಥದ್ದೇ ಎರಡು ತೂತು. ತಳದಿಂದ ಒಂದು ಗೇಣು ಮೇಲೆ ಇದ್ದಿಲಿಗೆ ಜಾಲರಿ, ಅದರಿಂದ ಸುಮಾರು 60 ಸೆಂಟಿಮೀಟರ್ ಮೇಲೆ ಮಾಂಸಕ್ಕೆ ಸ್ಟೀಲ್ ಜಾಲರಿ. ಇವೆರಡರ ನಡುವೆ ಒಂದು ಹಳೆಯ ಸ್ಟೀಲ್ ತಟ್ಟೆಯಲ್ಲಿ ನೀರು ಇಡಬೇಕು. ನೆಣ ಕರಗಿ ನೇರವಾಗಿ ಕೆಂಡಕ್ಕೆ ಬೀಳುವುದನ್ನು ಅದು ತಡೆಯುತ್ತೆ. ಡ್ರಮ್ ಸಿಗದವರು ಸಿಮೆಂಟ್ ಇಟ್ಟಿಗೆಗಳನ್ನು ಸೊಂಟದ ಎತ್ತರಕ್ಕೆ ಚೌಕವಾಗಿ ಜೋಡಿಸಿ, ಮೇಲೆ ತಗಡು ಮುಚ್ಚಿಯೂ ಮಾಡಬಹುದು.

ಒಂದೇ ಒಂದು ವಸ್ತುವಿಗೆ ಮಾತ್ರ ದುಡ್ಡು ಖರ್ಚು ಮಾಡಿ: ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್. ನನ್ನ ಕಸುಬಿನ ಚಾಳಿಯಿಂದ ನಾನು ಒಂದು ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಎರಡು ಥರ್ಮೋಕಪಲ್ ಜೋಡಿಸಿ, ಡ್ರಮ್ಮಿನ ಶಾಖ ಒಂದು, ಮಾಂಸದ ಶಾಖ ಒಂದು, ನಿಮಿಷಕ್ಕೊಮ್ಮೆ ಮೊಬೈಲಿಗೆ ಬರುವ ಹಾಗೆ ಮಾಡಿಕೊಂಡಿದ್ದೇನೆ. ಅದೇನೂ ಅಗತ್ಯವಿಲ್ಲ. ಆದರೆ ಆ ಗೆರೆ ಏರುವುದನ್ನು ನೋಡಿ ಕಲಿತದ್ದು ಬಹಳ.

ಉಪ್ಪು, ಖಾರ, ಹುಳಿ

ಒಂದೂವರೆ ಕೆಜಿ ಪಕ್ಕೆಗೆ ನನ್ನ ಅಳತೆ: ಉಪ್ಪು 18 ಗ್ರಾಂ, ಅಂದರೆ ತಲೆ ಸವರಿದ 3 ಟೀ ಚಮಚ. ದಪ್ಪಗೆ ಕುಟ್ಟಿದ ನಮ್ಮ ತೋಟದ ಕಾಳುಮೆಣಸು 2 ದೊಡ್ಡ ಚಮಚ. ಹುರಿದು ಕುಟ್ಟಿದ ಜೀರಿಗೆ, ಕೊತ್ತಂಬರಿ ಬೀಜ ಒಂದೊಂದು ದೊಡ್ಡ ಚಮಚ. ಅರಿಶಿನ ಅರ್ಧ ಟೀ ಚಮಚ, ಜಜ್ಜಿದ ಬೆಳ್ಳುಳ್ಳಿ 10 ಎಸಳು, ಬೆಲ್ಲದ ಪುಡಿ 1 ಚಮಚ. ಹಿಂದಿನ ರಾತ್ರಿಯೇ ಎರಡೂ ಕಡೆ ಸವರಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಉಪ್ಪು ಒಳಗಿಳಿಯಲು ಹೊತ್ತು ಬೇಕು, ಉಳಿದ ಮಸಾಲೆ ಮೇಲೆಯೇ ಇರುತ್ತೆ.

ಕೊನೆಗೆ ಬಳಿಯುವ ಪಾಕಕ್ಕೆ: ಬೆಲ್ಲ 100 ಗ್ರಾಂ, ಗಟ್ಟಿ ಕಾಫಿ ಡಿಕಾಕ್ಷನ್ 4 ದೊಡ್ಡ ಚಮಚ, ಕಾಚಂಪುಳಿ 1 ಚಮಚ, ಜಜ್ಜಿದ ಸೂಜಿಮೆಣಸು ನಾಲ್ಕೈದು, ಚಿಟಿಕೆ ಉಪ್ಪು. ಸಣ್ಣ ಉರಿಯಲ್ಲಿ 5 ನಿಮಿಷ ಕುದಿಸಿ. ಕಾಚಂಪುಳಿ ಇಲ್ಲದಿದ್ದರೆ ಉಪ್ಪಾಗೆ ಹುಳಿ ನೆನೆಸಿದ ನೀರು, ಅದೂ ಇಲ್ಲದಿದ್ದರೆ ನಿಂಬೆರಸ. ಬಾಟಲಿಯ ಬಾರ್ಬೆಕ್ಯೂ ಸಾಸಿಗಿಂತ ಇದು ನಮ್ಮ ನಾಲಿಗೆಗೆ ಹತ್ತಿರ. ಡಿಕಾಕ್ಷನ್ನಿನ ಕಹಿ, ಬೆಲ್ಲದ ಸಿಹಿ, ಹೊಗೆ ಮೂರೂ ಒಂದಕ್ಕೊಂದು ಹೊಂದುತ್ತವೆ.

ಐದಾರು ಗಂಟೆಯ ಲೆಕ್ಕ

ಕುಕ್ಕರಿನಲ್ಲಿ ಅರ್ಧ ಗಂಟೆಗೆ ಬೇಯುವ ಮಾಂಸಕ್ಕೆ ಆರು ಗಂಟೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಪಕ್ಕೆಯಲ್ಲಿ ಮಾಂಸವನ್ನು ಮೂಳೆಗೆ ಹಿಡಿದಿಟ್ಟಿರುವುದು ಕೊಲಾಜೆನ್ ಅನ್ನುವ ನಾರು. ಅದು ಮೆಲ್ಲಗೆ ಕರಗಿ ಜೆಲಾಟಿನ್ ಆದರೆ ಮಾಂಸ ಮೆತ್ತಗಾಗುತ್ತೆ. ಕಾಲು ಸೂಪು ಆರಿದ ಮೇಲೆ ತುಟಿಗೆ ಅಂಟುತ್ತಲ್ಲ, ಅದೇ ಜೆಲಾಟಿನ್. ಕುಕ್ಕರಿನಲ್ಲಿ ನೀರು, ಒತ್ತಡ ಇರುವುದರಿಂದ ಅದು ಬೇಗ ಆಗುತ್ತೆ, ಆದರೆ ರುಚಿ ನೀರಿಗೆ ಹೋಗುತ್ತೆ. ಸಾರಿಗೆ ಅದು ಒಳ್ಳೆಯದೇ. ಒಣ ಶಾಖದಲ್ಲಿ ರುಚಿ ಮಾಂಸದಲ್ಲೇ ಉಳಿಯುತ್ತೆ, ಹೊತ್ತು ಮಾತ್ರ ಜಾಸ್ತಿ.

ಬೆಳಿಗ್ಗೆ 9ಕ್ಕೆ ಶುರು ಮಾಡಿ. 3 ಕೆಜಿ ಇದ್ದಿಲು ಹರಡಿ, ಒಂದು ಮೂಲೆಗೆ ಮಾತ್ರ ಕೆಂಡ ಹಾಕಿ. ಬೆಂಕಿ ನಿಧಾನಕ್ಕೆ ಹಬ್ಬುತ್ತಾ ಹೋಗುತ್ತೆ. ಡ್ರಮ್ಮಿನೊಳಗೆ 110ರಿಂದ 120 ಡಿಗ್ರಿ ಸೆಲ್ಸಿಯಸ್ ಇರಬೇಕು. ಜಾಸ್ತಿಯಾದರೆ ಕೆಳಗಿನ ತೂತು ಮುಚ್ಚಿ, ಕಡಿಮೆಯಾದರೆ ತೆರೆಯಿರಿ. ಮೇಲಿನ ತೂತುಗಳನ್ನು ಮಾತ್ರ ಪೂರ್ತಿ ಮುಚ್ಚಬೇಡಿ, ಹೊಗೆ ಒಳಗೇ ನಿಂತರೆ ಮಾಂಸ ಕಹಿಯಾಗುತ್ತೆ. ಮೊದಲು ಬರುವ ದಟ್ಟ ಬಿಳಿ ಹೊಗೆ ಹೋಗಲಿ. ಹೊಗೆ ತೆಳ್ಳಗೆ, ನೀಲಿಯಾಗಿ, ಕಂಡೂ ಕಾಣದ ಹಾಗೆ ಆದಾಗ ಮಾಂಸ ಇಡಿ. ಮರದಲ್ಲಿರುವ ಲಿಗ್ನಿನ್ ಸರಿಯಾದ ಶಾಖದಲ್ಲಿ ಒಡೆದಾಗ ಗ್ವಯಕಾಲ್, ಸಿರಿಂಗಾಲ್ ಅನ್ನುವ ವಸ್ತುಗಳು ಹುಟ್ಟುತ್ತವೆ. ನಾವು ಹೊಗೆಯ ರುಚಿ, ಪರಿಮಳ ಅನ್ನುವುದು ಇವನ್ನೇ.

ಮೊದಲ 3 ಗಂಟೆ ಮುಚ್ಚಳ ತೆಗೆಯಬೇಡಿ. ಮಾಂಸದ ಶಾಖ ಚೆನ್ನಾಗಿ ಏರುತ್ತಾ ಬಂದು, 65–70 ಡಿಗ್ರಿಯ ಹತ್ತಿರ ಒಮ್ಮೆಲೇ ನಿಂತುಬಿಡುತ್ತೆ. ಗಂಟೆ ಕಳೆದರೂ ಗೆರೆ ಮಲಗಿಯೇ ಇರುತ್ತೆ. ಹೊಸಬರು ಇಲ್ಲೇ ಗಾಬರಿಯಾಗಿ ಬೆಂಕಿ ಜೋರು ಮಾಡೋದು. ಏನೂ ಕೆಟ್ಟಿಲ್ಲ. ಮಾಂಸ ಬೆವರುತ್ತಿದೆ. ಮಣ್ಣಿನ ಮಡಕೆಯ ನೀರು ಹೇಗೆ ತಣ್ಣಗಿರುತ್ತೋ ಹಾಗೆ, ಮೇಲಿನ ನೀರು ಆವಿಯಾಗುತ್ತಾ ಮಾಂಸವನ್ನು ತಣಿಸುತ್ತಿರುತ್ತೆ.

ಆಗ ಅದನ್ನು ಹೊರತೆಗೆದು, ಬಾಡಿಸಿದ ಬಾಳೆಎಲೆಯಲ್ಲಿ ಬಿಗಿಯಾಗಿ ಸುತ್ತಿ, ಮೇಲೊಂದು ಅಲ್ಯೂಮಿನಿಯಂ ಹಾಳೆ ಸುತ್ತಿ ಮತ್ತೆ ಒಂದೂವರೆ ಗಂಟೆ ಇಡಿ. ಆವಿ ಹೊರಹೋಗದ ಕಾರಣ ಶಾಖ ಮತ್ತೆ ಏರುತ್ತೆ. ಹಂದಿ ಮಾಂಸ 63 ಡಿಗ್ರಿಗೆ ಬಂದು ಕೆಲ ನಿಮಿಷ ನಿಂತರೆ ತಿನ್ನಲು ಸುರಕ್ಷಿತ ಅನ್ನುತ್ತಾರೆ, ಆದರೆ ಪಕ್ಕೆ ಮೆತ್ತಗಾಗುವುದು 90ರಿಂದ 95ಕ್ಕೆ ಮುಟ್ಟಿದ ಮೇಲೆಯೇ. ಕೊನೆಗೆ ಎಲೆ ಬಿಚ್ಚಿ, ಪಾಕ ಬಳಿದು ಅರ್ಧ ಗಂಟೆ. ಇಕ್ಕಳದಲ್ಲಿ ಒಂದು ತುದಿ ಹಿಡಿದು ಎತ್ತಿದರೆ ಪಕ್ಕೆ ಬಿಲ್ಲಿನ ಹಾಗೆ ಬಾಗಿ, ಮೇಲೆ ಸಣ್ಣ ಬಿರುಕು ಬಿಡಬೇಕು. ಆಯಿತು. 15 ನಿಮಿಷ ಆರಲು ಬಿಟ್ಟು ಮೂಳೆಗಳ ನಡುವೆ ಕೊಯ್ಯಿರಿ. ಅಂಚಿನಲ್ಲಿ ಗುಲಾಬಿ ಬಣ್ಣದ ಗೆರೆ ಕಂಡರೆ ಹಸಿ ಅಂತ ಹೆದರಬೇಡಿ. ಹೊಗೆಯ ಅನಿಲಗಳು ಮಾಂಸದ ಬಣ್ಣವನ್ನು ಹಿಡಿದಿಟ್ಟಿವೆ, ಅಷ್ಟೇ.

ಅಜ್ಜಿ ಕೇಳಿದ ಪ್ರಶ್ನೆ

ಇಷ್ಟೆಲ್ಲ ನಡೆಯುವಾಗ ನಮ್ಮಜ್ಜಿ ಜಗಲಿಯಲ್ಲಿ ಕೂತು ನೋಡುತ್ತಿರುತ್ತಾರೆ. ಅವರು ಹಂದಿ ತಿನ್ನುತ್ತಾರೆ. ಆದರೆ ಅದು ಒಳಮನೆಗೆ ಬರುವಂತಿಲ್ಲ. ಅದರ ಪಾತ್ರೆ ಬೇರೆ, ಒಲೆ ಬೇರೆ, ಎಲ್ಲ ಹಿತ್ತಲಲ್ಲೇ. ಹಾಗಾಗಿ ನನ್ನ ಡ್ರಮ್ಮಿಗೆ ಅವರಿಂದ ತಕರಾರಿಲ್ಲ. ಒಂದು ಸಲ ಮಾತ್ರ ಕೇಳಿದರು: ‘ಅಲ್ ಕಣೋ ಮಗ, ಹೊಗೆ ಬೇಡ ಅಂತ ಗ್ಯಾಸ್ ತಂದ್ರಿ. ಈಗ ಹೊಗೆ ಬೇಕು ಅಂತ ದುಡ್ಡು ಖರ್ಚು ಮಾಡ್ತೀಯ. ನಾನು ನಲವತ್ತು ವರ್ಷ ತಿಂದ ಹೊಗೆಗೆ ಯಾರು ರುಚಿ ನೋಡಿದ್ರು?’

ನಗುತ್ತಲೇ ಕೇಳಿದ್ದು. ಆದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಅಟ್ಟದ ಉಪ್ಪುಕಂಡವನ್ನು ನಾವೆಲ್ಲ ಈಗ ಬಾಯಲ್ಲಿ ನೀರೂರಿಸಿಕೊಂಡು ನೆನೆಯುತ್ತೇವೆ. ಅದರ ಕೆಳಗೆ ಊದುಗೊಳವೆ ಹಿಡಿದು ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದವರನ್ನು ನೆನೆಯುವುದು ಕಡಿಮೆ. ಅಜ್ಜಿಗೆ ಈಗ ಚಳಿಗಾಲ ಬಂದರೆ ಉಬ್ಬಸ, ದಿನಕ್ಕೆರಡು ಸಲ ಇನ್‌ಹೇಲರ್. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಇಷ್ಟು ವರ್ಷ ಸೌದೆ ಒಲೆ ಮುಂದೆ ಕೂತದ್ದಕ್ಕೇ ಹೀಗೆ ಅಂದರು ಡಾಕ್ಟರು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಉಜ್ವಲಾ ಯೋಜನೆ ಶುರುವಾದದ್ದು 2016ರಲ್ಲಿ. ಅದಕ್ಕೂ ಮೊದಲೇ ಗ್ಯಾಸ್ ಬಂದ ಮನೆಗಳಲ್ಲೂ ಸ್ನಾನದ ನೀರಿಗೆ, ದನದ ಕಲಗಚ್ಚಿಗೆ, ದೊಡ್ಡ ಅಡುಗೆಗೆ ಸೌದೆ ಒಲೆಯೇ ಉರಿಯುತ್ತಿತ್ತು. ತೋಟದ ಲೈನ್ ಮನೆಗಳಲ್ಲಿ ಇವತ್ತಿಗೂ ಉರಿಯುತ್ತೆ.

ಅದರಿಂದ ನಾನು ಹೊಗೆ ಹಾಕುವುದನ್ನು ಬಿಟ್ಟಿಲ್ಲ. ಆದರೆ ಕೆಲವು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಡ್ರಮ್ ಮನೆಯಿಂದ ಇಪ್ಪತ್ತು ಹೆಜ್ಜೆ ದೂರ, ಗಾಳಿ ಬೀಸುವ ಕಡೆ ನೋಡಿಕೊಂಡು. ಮಳೆ ಬಂತು ಅಂತ ಅದನ್ನು ಶೆಡ್ಡಿನೊಳಗೆ, ಕೊಟ್ಟಿಗೆಯೊಳಗೆ ಎಳೆಯುವಂತಿಲ್ಲ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಗೊತ್ತಾಗುವಷ್ಟರಲ್ಲಿ ಪ್ರಾಣ ಹೋಗಿರುತ್ತೆ. ಪಕ್ಕದ ಮನೆಯವರು ಹಂದಿ ತಿನ್ನದವರಾದರೆ ಅವರ ಕಿಟಕಿಯ ಕಡೆ ಹೊಗೆ ಹೋಗಬಾರದು. ಶ್ರಾವಣದಲ್ಲಿ ಡ್ರಮ್ಮಿಗೆ ರಜೆ.

ತಿನ್ನುವುದಕ್ಕೂ ಮಿತಿ ಇದೆ. ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿತು. ಆ ಪಟ್ಟಿಯಲ್ಲಿ ಹೊಗೆ ಹಾಕಿ ಕಾಪಿಟ್ಟ ಮಾಂಸವೂ ಸೇರುತ್ತೆ. ನೆಣ ಕೆಂಡಕ್ಕೆ ಬಿದ್ದು ಏಳುವ ಹೊಗೆಯಲ್ಲಿ, ಸುಟ್ಟು ಕರಿಕಾದ ಭಾಗದಲ್ಲಿ ಕೆಟ್ಟ ವಸ್ತುಗಳು ಹೆಚ್ಚು. ಅದಕ್ಕೇ ನಡುವೆ ನೀರಿನ ತಟ್ಟೆ, ಅದಕ್ಕೇ ತೆಳು ಹೊಗೆ. ಹಬ್ಬಕ್ಕೊಮ್ಮೆ, ಎರಡು ತಿಂಗಳಿಗೊಮ್ಮೆ ಸಾಕು. ವಾರವಾರ ಬೇಡ.

ಬೆಂಕಿ ಮತ್ತು ಆನೆ

ನಮ್ಮ ಊರಿನವರಿಗೆಂದೇ ಇನ್ನೆರಡು ಮಾತು. ಈ ತಿಂಗಳುಗಳಲ್ಲಿ ತೋಟದ ತರಗೆಲೆ ಪೆಟ್ರೋಲಿನ ಹಾಗೆ. ಡ್ರಮ್ಮಿನ ಸುತ್ತ ಹತ್ತು ಅಡಿ ಗುಡಿಸಿ, ನೆಲಕ್ಕೆ ನೀರು ಚಿಮುಕಿಸಿ, ಎರಡು ಬಕೆಟ್ ನೀರು ಪಕ್ಕದಲ್ಲೇ ಇಡಿ. ಉಳಿದ ಕೆಂಡವನ್ನು ಗಿಡದ ಬುಡಕ್ಕೆ ಸುರಿಯಬೇಡಿ. ಎಲ್ಲ ತೂತು ಮುಚ್ಚಿದರೆ ತಾನೇ ಆರುತ್ತೆ, ಮಿಕ್ಕ ಇದ್ದಿಲು ಮುಂದಿನ ಸಲಕ್ಕೂ ಆಯಿತು.

ಎರಡನೆಯದು, ರಾತ್ರಿಯಿಡೀ ಬೇಯಿಸುವ ಅಮೆರಿಕದ ಶೋಕಿ ನಮಗಲ್ಲ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಆನೆ ಯಾವ ತೋಟದಲ್ಲಿದೆ ಅಂತ ಮೊಬೈಲ್ ಸಂದೇಶ ನೋಡಿಕೊಂಡು ಜನ ಕೆಲಸಕ್ಕೆ ಹೋಗುತ್ತಾರೆ. ಕತ್ತಲಾದ ಮೇಲೆ ಹಿತ್ತಲಲ್ಲಿ ಥರ್ಮಾಮೀಟರ್ ಹಿಡಿದು ಕೂರುವುದು ಜಾಣತನವಲ್ಲ. ಬೆಳಿಗ್ಗೆ 9ಕ್ಕೆ ಶುರುವಾದರೆ ಮಧ್ಯಾಹ್ನ 3ಕ್ಕೆ ಊಟ. ಸ್ವಲ್ಪ ತಡ ಊಟ, ಆದರೆ ಬೆಳಕಿರುವಾಗಲೇ ಎಲ್ಲ ಮುಗಿಯುತ್ತೆ.

ಇದರ ಜೊತೆಗೆ ಅಕ್ಕಿ ರೊಟ್ಟಿ, ಹಸಿ ಈರುಳ್ಳಿ, ನಿಂಬೆಹಣ್ಣು ಇದ್ದರೆ ಸಾಕು. ಮಿಕ್ಕ ಮೂಳೆಗಳನ್ನು ಮರುದಿನ ಹುರುಳಿಕಾಳಿನ ಸಾರಿಗೆ ಹಾಕಿ ನೋಡಿ, ಹಳೆಯ ಅಟ್ಟದ ವಾಸನೆ ಹೇಗಿತ್ತು ಅಂತ ಮನೆಯ ಹಿರಿಯರು ತಾವಾಗಿಯೇ ಹೇಳಲು ಶುರು ಮಾಡುತ್ತಾರೆ. ಅದನ್ನು ಕೇಳಿಸಿಕೊಳ್ಳಿ. ಉಪ್ಪು ಎಷ್ಟು ಹಾಕುತ್ತಿದ್ದರು, ಎಷ್ಟು ದಿನ ನೇತುಹಾಕುತ್ತಿದ್ದರು, ಯಾವ ಸೌದೆ ಅಂತ ಬರೆದಿಟ್ಟುಕೊಳ್ಳಿ. ಆ ಲೆಕ್ಕ ಬರೆದ ಪುಸ್ತಕ ಎಲ್ಲೂ ಇಲ್ಲ, ಅವರ ತಲೆಯಲ್ಲಿ ಮಾತ್ರ ಇದೆ.

ಕೊನೆಯದಾಗಿ, ಬಹಳ ಮುಖ್ಯವಾದ ನಿಯಮ. ಗಂಡಸರು ಹಬ್ಬದ ದಿನ ಹಿತ್ತಲಲ್ಲಿ ಹೊಗೆ ಹಾಕಿ ಫೋಟೊ ತೆಗೆಸಿಕೊಂಡು, ಜಿಡ್ಡು ಮೆತ್ತಿದ ಜಾಲರಿಯನ್ನು ಹೆಂಗಸರ ಪಾಲಿಗೆ ಬಿಟ್ಟು ಎದ್ದು ಹೋಗುವಂತಿಲ್ಲ. ಹೊಗೆ ಹಾಕಿದವರೇ ಜಾಲರಿ ಉಜ್ಜಬೇಕು. ಬಿಸಿನೀರು, ಬೂದಿ, ತೆಂಗಿನ ನಾರು. ಇಪ್ಪತ್ತು ನಿಮಿಷದ ಕೆಲಸ. ಹೊಸತೊಡಕಿನ ಶುಭಾಶಯಗಳು.